ಬೇಸಿಗೆ ಅಂತ ಬೈಕಿನ ಥರ್ಮೋಸ್ಟಾಟ್ ತೆಗೆಸಬೇಡಿ, ಹಸಿರು ನೀರಿಗೆ ಕೂಲೆಂಟ್ ದುಡ್ಡು ಕೊಡಬೇಡಿ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಲಿಕ್ವಿಡ್ ಕೂಲ್ಡ್ ಬೈಕ್ (ಕೂಲೆಂಟ್ ಅನ್ನುವ ದ್ರವ ಹರಿಸಿ ಇಂಜಿನ್ ತಂಪು ಮಾಡುವ ಗಾಡಿ) ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಡಿ ಬಿಸಿಯಾಗ್ತಿದೆ ಅಂತ ಗ್ಯಾರೇಜಿಗೆ ಹೋದಾಗ ಮಿಸ್ತ್ರಿ "ಬ್ಯಾಸಿಗಿ ಮುಗಿಯೋತನಕ ಥರ್ಮೋಸ್ಟಾಟ್ ತೆಗೆದು ಇಡೋಣ್ರಿ" ಅಂದರೆ, ಕೀ ವಾಪಸ್ ಇಸ್ಕೊಂಡು ಹೊರಡಿ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಕಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ನನಗೆ ಅಷ್ಟೂ ಹೇಳಲಿಲ್ಲ. ಕೇಳದೇ ತೆಗೆದರು. ಬಿಲ್ಲಿನಲ್ಲಿ "ಕೂಲಿಂಗ್ ಸರ್ವಿಸ್" ಅಂತ ಬರೆದು ₹3,980 ತಗೊಂಡರು. ಸರಿ ಇದ್ದ ಪಾರ್ಟ್ ತೆಗೆದರು, ಕೆಟ್ಟಿದ್ದ ಪಾರ್ಟ್ ಹಾಗೇ ಬಿಟ್ಟರು. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಇದೇ ಕೆಲಸ ಮಾಡುವವರು ಒಬ್ಬರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ತೊಂದರೆ ಇದ್ದದ್ದು ಇಷ್ಟೇ. ಕಲಬುರಗಿಯ ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಮೀಟರಿನಲ್ಲಿ ಬಿಸಿಯ ಕಡ್ಡಿಗಳು ಏರಿ ಕೆಂಪು ದೀಪ. ಗಾಡಿ ಓಡಲು ಶುರುವಾದರೆ ಅರ್ಧ ಕಿಲೋಮೀಟರಿಗೆ ಕಡ್ಡಿಗಳು ಇಳಿಯುತ್ತಿದ್ದವು. ಸ್ವಲ್ಪ ಗಾಡಿ ಕೆಲಸ ಗೊತ್ತಿರುವವರಿಗೆ ಇದೊಂದೇ ಲಕ್ಷಣ ಸಾಕು. ಓಡುವಾಗ ಗಾಳಿ ತಾನೇ ರೇಡಿಯೇಟರ್ (ಕೂಲೆಂಟ್ ತಣಿಸುವ ಜಾಲಿ) ಮೂಲಕ ಹೋಗುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಓಡಿದಾಗ ಸರಿ, ನಿಂತಾಗ ಬಿಸಿ ಅಂದರೆ ಮೊದಲು ನೋಡಬೇಕಾದ್ದು ಫ್ಯಾನ್. ಉಲ್ಟಾ ಆದರೆ, ಅಂದರೆ ಹೈವೇಯಲ್ಲಿ ಓಡುವಾಗಲೂ ಏರುತ್ತಿದ್ದರೆ, ಆಗ ಕೂಲೆಂಟ್ ಕಡಿಮೆ, ರೇಡಿಯೇಟರ್ ಕಟ್ಟಿಕೊಂಡಿದೆ, ಪಂಪ್ ಕೆಟ್ಟಿದೆ, ಇಲ್ಲವೇ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಅಂತ ಯೋಚಿಸಬೇಕು. ನನ್ನ ಗಾಡಿಯದು ಹಾಗಿರಲಿಲ್ಲ. ಇದನ್ನು ನಾನೇ ಬಾಯಿಬಿಟ್ಟು ಹೇಳಿದ್ದೆ: "ನಿಂತಾಗ ಮಾತ್ರ ಏರುತ್ತೆ, ಫ್ಯಾನ್ ಸದ್ದು ಕೇಳ್ತಿಲ್ಲ, ಫ್ಯಾನ್ ನೋಡಿ." ಹೇಳಿಯೂ ಮೋಸ ಹೋದೆ, ಅದೇ ಹೆಚ್ಚು ಉರಿಯುತ್ತಿರುವುದು.

ಮಿಸ್ತ್ರಿ ಗಾಡಿ ಸ್ಟಾರ್ಟ್ ಕೂಡ ಮಾಡಲಿಲ್ಲ. "ಸರ, 42 ಡಿಗ್ರಿ ಅದ ಹೊರಗ. ಮನಷ್ಯಾರೇ ತಡಕೊಳ್ಳಂಗಿಲ್ಲ, ಗಾಡಿ ಗರಂ ಆಗೇ ಆಗ್ತದ. ಕೂಲಿಂಗ್ ಪೂರಾ ಮಾಡಿಸಿಬಿಡ್ರಿ, ಮುಂದಿನ ಬ್ಯಾಸಿಗಿತನಕ ನೋಡಂಗಿಲ್ಲ." ಸಂಜೆ ಬಂದು ತಗೊಂಡು ಹೋಗಿ ಅಂದರು. ಸಂಜೆ ಫ್ಯಾನ್ ತಿರುಗುತ್ತಿತ್ತು, ನನಗೂ ಸಮಾಧಾನವಾಯಿತು. ಬಿಲ್ಲು ಹೀಗಿತ್ತು: ಕೂಲೆಂಟ್ 450, ಬೇಸಿಗೆ ಆಯಿಲ್ 980, ಇಂಜಿನ್ ಕೂಲ್ ಆಡಿಟಿವ್ (ಆಯಿಲಿಗೆ ಬೆರೆಸುವ ದ್ರವ) 650, ಸೈಲೆನ್ಸರ್ ಬೆಂಡಿಗೆ ಸುತ್ತುವ ಪಟ್ಟಿ 1,200, ಫ್ಯಾನ್ ಡೈರೆಕ್ಟ್ 400, ಮಜೂರಿ 300. ಎಲ್ಲವೂ ಸೇರಿ 3,980. ಥರ್ಮೋಸ್ಟಾಟ್ ಅನ್ನುವ ಪದ ಆ ಕಾಗದದಲ್ಲಿ ಎಲ್ಲೂ ಇಲ್ಲ.

"ಫ್ಯಾನ್ ಡೈರೆಕ್ಟ್" ಅಂದರೇನು ಅಂತ ಆಗಲೇ ಕೇಳಬೇಕಿತ್ತು. ಇಂಜಿನ್ 100 ಡಿಗ್ರಿ ಆಸುಪಾಸಿಗೆ ಬಂದಾಗ ಸೆನ್ಸರ್ ಹೇಳಿ, ರಿಲೇ (ಕರೆಂಟ್ ಬಿಡುವ ಸ್ವಿಚ್) ಬಿದ್ದು, ಫ್ಯಾನ್ ಓಡಬೇಕು. ಇವರು ಅದೆಲ್ಲ ಬಿಟ್ಟು ಇಗ್ನಿಷನ್ ವೈರಿಗೆ ನೇರ ಜೋಡಿಸಿದ್ದಾರೆ. ನಡುವೆ ಫ್ಯೂಸ್ ಇಲ್ಲ. ಕೀ ತಿರುಗಿಸಿದರೆ ಫ್ಯಾನ್ ಶುರು, ಬೆಳಿಗ್ಗೆ ಇಂಜಿನ್ ತಣ್ಣಗಿದ್ದರೂ ಓಡುತ್ತದೆ, ಹೈವೇಯಲ್ಲಿ ಬೇಡದಿದ್ದರೂ ಓಡುತ್ತದೆ. ಮೋಟರ್ ಸವೆಯುತ್ತದೆ, ಬ್ಯಾಟರಿಗೂ ಹೊರೆ. ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಸುಟ್ಟುಕೊಳ್ಳುವುದು ಫ್ಯೂಸ್ ಅಲ್ಲ, ಪೂರ್ತಿ ವೈರಿಂಗ್. ಪೆಟ್ರೋಲ್ ಟ್ಯಾಂಕಿನ ಕೆಳಗೆ.

ಮೂರು ವಾರ. ಮೂರನೇ ವಾರಕ್ಕೆ ಮತ್ತೆ ಅದೇ ಸಿಗ್ನಲ್, ಮತ್ತೆ ಕೆಂಪು ದೀಪ. ಈ ಸಲ ಹೊಸ ತೊಂದರೆಗಳೂ ಸೇರಿದ್ದವು. ಸೇಡಂ ರಸ್ತೆಯಲ್ಲಿ 70ರಲ್ಲಿ ಹೋದರೆ ಕಡ್ಡಿ ಎರಡರ ಮೇಲೆ ಏಳುವುದೇ ಇಲ್ಲ, ಮೈಲೇಜ್ 30ರಿಂದ 25ಕ್ಕೆ ಇಳಿದಿತ್ತು. ನಾಲ್ಕನೇ ಗೇರಿನಲ್ಲಿ ಆಕ್ಸಿಲೇಟರ್ ತಿರುವಿದರೆ ಆರ್‌ಪಿಎಂ ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ.

ಬೇರೆ ಮಿಸ್ತ್ರಿ ಹತ್ತಿರ ಒಯ್ದೆ. ವಯಸ್ಸಾದವರು, ಸಣ್ಣ ಅಂಗಡಿ. ಅವರು ಗಾಡಿ ಒಂದು ತಾಸು ಆರಲು ಬಿಟ್ಟು, ರೇಡಿಯೇಟರ್ ಮುಚ್ಚಳದ ಮೇಲೆ ಬಟ್ಟೆ ಹಾಕಿ ತೆಗೆದರು. ಮುಚ್ಚಳ ಮಗುಚಿ ನನ್ನ ಕೈಗೆ ಕೊಟ್ಟರು. ಒಳಗಿನ ಸ್ಪ್ರಿಂಗ್ ಸುತ್ತ ಬಿಳಿ ಪೊರೆ. ಬೋರ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಕೂರುತ್ತದಲ್ಲ, ಅದೇ ಸುಣ್ಣ. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಉದುರಿತು. ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿ ಸ್ಟೀಲ್ ಲೋಟಕ್ಕೆ ಹಿಡಿದರು. ತೆಳು ಹಸಿರು, ಮಜ್ಜಿಗೆ ಬೆರೆಸಿದ ಹಾಗೆ ಮಬ್ಬು. "ಬಟ್ಟಿನ ನಡಕ ತಿಕ್ಕಿ ನೋಡ್ರಿ" ಅಂದರು. ನಿಜವಾದ ಕೂಲೆಂಟ್‌ನಲ್ಲಿ ಗ್ಲೈಕಾಲ್ ಇರುತ್ತದೆ, ಬೆರಳಿಗೆ ಎಣ್ಣೆಯ ಹಾಗೆ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಇದು ಜಾರಲಿಲ್ಲ. ತಗಡಿನ ಮೇಲೆ ಒಂದು ಹನಿ ಬಿಟ್ಟರೆ ಬಿಸಿಲಿಗೆ ನಿಮಿಷದಲ್ಲಿ ಒಣಗಿ ಬಿಳಿ ಕಲೆ ಉಳಿಯಿತು. ನೀರು. ಬರೀ ಬೋರ್ ನೀರು, ಬಣ್ಣಕ್ಕೆ ಒಂದಿಷ್ಟು ಕೂಲೆಂಟ್. 450 ರೂಪಾಯಿ ಇದಕ್ಕೆ.

ಆಮೇಲೆ ಥರ್ಮೋಸ್ಟಾಟ್ ಹೌಸಿಂಗ್‌ನ ಎರಡು ಬೋಲ್ಟ್ ಬಿಚ್ಚಿದರು. ಟಾರ್ಚ್ ಹಾಕಿದರು. ಒಳಗೆ ಏನೂ ಇಲ್ಲ. ಒ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಒಂದೇ ಕೂತಿತ್ತು. ಅವರು ನನ್ನ ಮುಖ ನೋಡಿ "ಯಾವಾಗ ತಗಿಸೀರಿ?" ಅಂತ ಕೇಳಿದರು. ನಾನು ತೆಗೆಸಿಲ್ಲ ಅಂದೆ. ಅಂಗಡಿಯಲ್ಲಿ ಇನ್ನೂ ಮೂರು ಜನ ನಿಂತಿದ್ದರು. ಆ ಹೊತ್ತಿನಲ್ಲಿ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ದುಡ್ಡು ಕೊಟ್ಟು ನನ್ನ ಗಾಡಿಯ ಪಾರ್ಟ್ ಕಳಕೊಂಡಿದ್ದೆ, ಮೂರು ವಾರ ಗೊತ್ತೇ ಆಗಿರಲಿಲ್ಲ.

ಥರ್ಮೋಸ್ಟಾಟ್ ತೆಗೆದರೆ ಗಾಡಿ ತಂಪಾಗುತ್ತದೆ ಅನ್ನುವುದು ಎಷ್ಟು ತಪ್ಪು ಅಂತ ಹೇಳಲೇಬೇಕು. ಅದು ಒಂದು ಬಾಗಿಲು ಇದ್ದ ಹಾಗೆ. ಇಂಜಿನ್ ತಣ್ಣಗಿರುವಾಗ ಮುಚ್ಚಿರುತ್ತದೆ, ಸುಮಾರು 80 ಡಿಗ್ರಿಗೆ ತೆರೆಯುತ್ತದೆ (ಗಾಡಿ ಗಾಡಿಗೆ ಸ್ವಲ್ಪ ಹೆಚ್ಚು ಕಡಿಮೆ, ಅದರ ಮೇಲೆಯೇ ಅಂಕಿ ಒತ್ತಿರುತ್ತಾರೆ). ಕಲಬುರಗಿ ಬಿಸಿಲಿನಲ್ಲಿ ಟ್ರಾಫಿಕ್‌ನಲ್ಲಿ ನಿಂತಾಗ ಅದು ಹೇಗೂ ಪೂರ್ತಿ ತೆರೆದೇ ಇರುತ್ತದೆ. ತೆರೆದಿರುವ ಬಾಗಿಲನ್ನು ಕಿತ್ತು ಹಾಕಿದರೆ ಹೆಚ್ಚು ಗಾಳಿ ಬರುತ್ತದೆಯೇ? ಕೆಲವು ಗಾಡಿಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನೂ ಅದೇ ಮುಚ್ಚುತ್ತದೆ. ತೆಗೆದರೆ ಕೂಲೆಂಟ್ ಒಂದು ಪಾಲು ರೇಡಿಯೇಟರಿಗೆ ಹೋಗದೇ ಇಂಜಿನ್ನಿಗೇ ತಿರುಗುತ್ತದೆ, ಆಗ ಇನ್ನೂ ಬಿಸಿ. ಹೈವೇಯಲ್ಲಿ ಇದರ ಉಲ್ಟಾ, ಇಂಜಿನ್ ಬೇಕಾದಷ್ಟು ಕಾಯುವುದೇ ಇಲ್ಲ. ಇಸಿಯು (ಗಾಡಿಯ ಕಂಪ್ಯೂಟರ್) ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಹೆಚ್ಚು ಬಿಡುತ್ತದೆ. ಮೈಲೇಜ್ ಹೋಗುತ್ತದೆ, ಸುಡದ ಪೆಟ್ರೋಲ್ ಆಯಿಲಿಗೆ ಸೇರುತ್ತದೆ, ಆಯಿಲ್ ತೆಳುವಾಗುತ್ತದೆ. ಥರ್ಮೋಸ್ಟಾಟ್ ಮೇಲೆ ನಿಜವಾಗಿಯೂ ಅನುಮಾನ ಇದ್ದರೆ ಅದನ್ನು ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಥರ್ಮಾಮೀಟರ್ ಇಟ್ಟು ಕಾಯಿಸಿ. ಒತ್ತಿದ ಅಂಕಿಯ ಹತ್ತಿರ ತೆರೆದರೆ ಸರಿ ಇದೆ, ತೆರೆಯದಿದ್ದರೆ ಹೊಸದು ಹಾಕಿ.

ಇನ್ನು ಫ್ಯಾನ್. ಹೊಸ ಮಿಸ್ತ್ರಿ ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯಲ್ಲಿ 12.6 ವೋಲ್ಟ್. ಫ್ಯಾನ್ ಹತ್ತಿರ, ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ದಾಟಿದ ಮೇಲೆ, 7ರ ಆಸುಪಾಸು. ಕಪ್ಲರ್ ಬಿಚ್ಚಿದರೆ ಒಂದು ಪಿನ್ ಪೂರ್ತಿ ಹಸಿರುಗಟ್ಟಿದೆ, ಸುತ್ತಲಿನ ಪ್ಲಾಸ್ಟಿಕ್ ಕಂದಾಗಿ ಕರಗಿದೆ. ವಾಟರ್ ವಾಶ್ ನೀರು ಒಳಗೆ ಹೋಗಿ ಪಿನ್ ಕಿಲುಬು ಹಿಡಿದು ಕರೆಂಟ್ ಸರಿಯಾಗಿ ದಾಟುತ್ತಿಲ್ಲ, ದಾಟುವಷ್ಟು ಅಲ್ಲೇ ಕಾದು ಪ್ಲಾಸ್ಟಿಕ್ ಕರಗಿಸುತ್ತಿದೆ. ಮೂಲ ತೊಂದರೆ ಇದೊಂದೇ. ಮೊದಲ ದಿನ ಇದನ್ನು ನೋಡಿದ್ದರೆ 90 ರೂಪಾಯಿ ಕಪ್ಲರ್, ಅರ್ಧ ತಾಸು ಕೆಲಸ. ಅವರು "ಡೈರೆಕ್ಟ್" ಕೊಟ್ಟಿದ್ದು ಈ ಕಪ್ಲರಿಗಿಂತ ಹಿಂದೆ! ಕೆಟ್ಟ ಕಪ್ಲರ್ ಮೂಲಕವೇ ಕರೆಂಟ್ ಹೋಗುತ್ತಿತ್ತು. ಅದಕ್ಕೇ ಅಂದು ಸಂಜೆ ತಿರುಗಿದ ಫ್ಯಾನ್ ಮೂರು ವಾರಕ್ಕೆ ನಿಂತಿತು.

ಸಿಟ್ಟಿನಲ್ಲಿ ಫೋಟೋ ತೆಗೆದು ಮೊದಲಿನ ಗ್ಯಾರೇಜಿಗೆ ವಾಟ್ಸಾಪ್ ಮಾಡಿದೆ. ಒಂದು ದಿನ ಉತ್ತರ ಇಲ್ಲ. ಫೋನ್ ಮಾಡಿದರೆ "ಸರ, ಬ್ಯಾಸಿಗ್ಯಾಗ ನಮ್ಮಲ್ಲಿ ಎಲ್ಲಾ ಗಾಡಿದೂ ತಗೀತೀವಿ. ಲಾರಿದೂ ತಗೀತಾರ. ನಿಮಗ ಒಬ್ಬರಿಗೇ ತ್ರಾಸ ಆಗ್ಯದ." ಹೇಳದೇ ಯಾಕೆ ತೆಗೆದಿರಿ ಅಂದೆ. "ಹೇಳಿದ್ರ ನಿಮಗೇನ್ ತಿಳೀತದ್ರಿ ಸರ?" ಈ ಮಾತನ್ನು ನಾನು ಮರೆಯುವುದಿಲ್ಲ. ಕೂಲೆಂಟ್ ಯಾವ ಕಂಪನಿದು, ಖಾಲಿ ಬಾಟಲಿ ತೋರಿಸಿ ಅಂದೆ. "ನಾವು ದೊಡ್ಡ ಕ್ಯಾನ್‌ದಾಗಿಂದ ಹಾಕ್ತೀವಿ, ಬಾಟ್ಲಿ ಎಲ್ಲಿಂದ ತರ್ಲಿ?" ಹಸಿರು ಇದ್ದರೆ ಕೂಲೆಂಟ್ ಅಂತ ಅವರ ವಾದ. ಬಣ್ಣ ಬರೀ ಬಣ್ಣ. ಹಸಿರು, ಕೆಂಪು, ನೀಲಿ ಯಾವುದರಿಂದಲೂ ಒಳಗೆ ಗ್ಲೈಕಾಲ್ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ.

ನೀರೇ ಹಾಕಿದರೆ ಏನಾಯಿತು ಅಂತ ಅವರು ಕೇಳಿದರು, ಕೆಲವರು ಇಲ್ಲೂ ಕೇಳಬಹುದು. ಬಿಸಿ ಒಯ್ಯುವ ವಿಷಯದಲ್ಲಿ ನೀರು ಕೆಟ್ಟದ್ದಲ್ಲ, ಗ್ಲೈಕಾಲ್‌ಗಿಂತ ಚೆನ್ನಾಗಿಯೇ ಒಯ್ಯುತ್ತದೆ. ಆದರೆ ಅರ್ಧ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ನೀರಿನ ಮಿಶ್ರಣ ತೆರೆದಿಟ್ಟರೂ 107 ಡಿಗ್ರಿವರೆಗೆ ಕುದಿಯುವುದಿಲ್ಲ, 1.1 ಬಾರ್ ಮುಚ್ಚಳದ ಒತ್ತಡ ಸೇರಿದರೆ 125 ದಾಟುತ್ತದೆ. ಸುಣ್ಣ ಕೂತು ಮುಚ್ಚಳದ ರಬ್ಬರ್ ಸೋರಲು ಶುರುವಾದರೆ ನೀರು 100ಕ್ಕೇ ಕುದಿಯುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಕೂಲೆಂಟ್‌ನಲ್ಲಿ ಅಲ್ಯೂಮಿನಿಯಂ ತಿನ್ನದಂತೆ ಕಾಯುವ ರಾಸಾಯನಿಕ ಇರುತ್ತದೆ, ವಾಟರ್ ಪಂಪ್ ಸೀಲ್ ಬಾಳಿಕೆಯೂ ಅದರ ಮೇಲೆ ನಿಂತಿದೆ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಆ ಸುಣ್ಣ ಕೂತರೆ ರೇಡಿಯೇಟರೇ ಬದಲಿಸಬೇಕು.

ಬೇಸಿಗೆ ಆಯಿಲ್ ವಿಷಯ. ಗಾಡಿಗೆ ಬೇಕಾದ್ದು 10ಡಬ್ಲ್ಯು-50. ಇವರು "ದಪ್ಪ ಆಯಿಲ್, ಬ್ಯಾಸಿಗಿಗೆ ಚಲೋ" ಅಂತ 20ಡಬ್ಲ್ಯು-50 ಹಾಕಿದರು. ಮೊದಲ ಅಂಕಿ ತಣ್ಣಗಿರುವಾಗಿನ ದಪ್ಪಕ್ಕೆ, ಎರಡನೆಯದು ಕಾದಾಗಿನ ದಪ್ಪಕ್ಕೆ. ಎರಡರಲ್ಲೂ 50 ಇದೆ, ಕಾದಾಗ ಎರಡೂ ಒಂದೇ ದರ್ಜೆ. ಬೇಸಿಗೆಗೆ ಅದರಿಂದ ಏನೂ ಲಾಭವಿಲ್ಲ. ಮೇಲೆ ಆಡಿಟಿವ್ ಬೇರೆ. ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಅದಕ್ಕೇ ಜಾಸೊ (ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಅಂತ ಬರೆದ ಆಯಿಲ್ ಹಾಕಬೇಕು. ಜಾರುವಂತೆ ಮಾಡುವ ಆಡಿಟಿವ್ ಸುರಿದರೆ ಕ್ಲಚ್ ಪ್ಲೇಟೂ ಜಾರುತ್ತದೆ, ಜಾರಿದ ಕ್ಲಚ್ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ನಾಲ್ಕನೇ ಗೇರಿನಲ್ಲಿ ಆದದ್ದು ಇದೇ. ಸೈಲೆನ್ಸರ್ ಪಟ್ಟಿ ಕಾಲಿಗೆ ಹೊಡೆಯುವ ಝಳ ಕಡಿಮೆ ಮಾಡುತ್ತದೆ ಅಷ್ಟೇ, ಇಂಜಿನ್ ಬಿಸಿ ಇಳಿಸುವುದಿಲ್ಲ.

ಸರಿಯಾದ ಕೆಲಸ ಹೇಗಿತ್ತು ಅಂತಲೂ ಬರೆಯುತ್ತೇನೆ, ನಿಮ್ಮ ಗ್ಯಾರೇಜಿನಲ್ಲಿ ನಿಂತು ನೋಡಿ. ಹೊಸ ಥರ್ಮೋಸ್ಟಾಟ್ ಕೂರಿಸಿ, ಡಿಸ್ಟಿಲ್ಡ್ ನೀರು ತುಂಬಿ, ಥರ್ಮೋಸ್ಟಾಟ್ ತೆರೆಯುವ ತನಕ ಇಂಜಿನ್ ಓಡಿಸಿ, ಆರಿಸಿ, ಬಸಿದರು. ಬಿಳಿ ನೀರು ಬರುವುದು ನಿಲ್ಲಲು ಮೂರು ಸಲ ಬೇಕಾಯಿತು. ಆಮೇಲೆ ನನ್ನ ಮುಂದೆಯೇ ಸೀಲ್ ಒಡೆದು ರೆಡಿ ಮಿಕ್ಸ್ ಕೂಲೆಂಟ್ ನಿಧಾನಕ್ಕೆ ಹಾಕಿದರು. ಗಡಿಬಿಡಿಯಲ್ಲಿ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಹೊಸ ಕೂಲೆಂಟ್ ಇದ್ದರೂ ಬಿಸಿಯಾಗುತ್ತದೆ. ಬ್ಲೀಡ್ ಬೋಲ್ಟ್ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಬಿಟ್ಟರು, ಗಾಡಿ ಎಡಕ್ಕೆ ಬಲಕ್ಕೆ ವಾಲಿಸಿದರು, ಮುಚ್ಚಳ ಹಾಕಿ ಒಂದು ಸುತ್ತು ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿದರು. ಸುಮಾರು 1.2 ಲೀಟರ್ ಹಿಡಿಯಿತು. ಸೇಡಂ ಕಡೆಯ ಸಿಮೆಂಟ್ ಧೂಳು ರೇಡಿಯೇಟರ್ ಜಾಲಿಯಲ್ಲಿ ಕೂತಿದ್ದನ್ನು ಹಿಂದಿನಿಂದ ಮುಂದಕ್ಕೆ ಸಾದಾ ಪೈಪಿನಲ್ಲಿ ತೊಳೆದರು. ಪ್ರೆಷರ್ ವಾಶ್ ಹೊಡೆದರೆ ಆ ತೆಳು ತಗಡುಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ.

ಬಸಿದ ಹಳೆ ಕೂಲೆಂಟ್ ಬಯಲಿಗೆ ಚೆಲ್ಲಲು ಬಿಡಬೇಡಿ, ಸಿಹಿ ಇರುತ್ತದೆ, ನಾಯಿ ಬೆಕ್ಕು ಕುಡಿದರೆ ಸಾಯುತ್ತವೆ. ನೀವೂ ರುಚಿ ನೋಡಿ ಪರೀಕ್ಷೆ ಮಾಡಲು ಹೋಗಬೇಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ.

ಗ್ಯಾರೇಜಿಗೆ ಬಿಡುವ ಮೊದಲು ನೀವೇ ನೋಡಿ: ಗಾಡಿ ನಿಲ್ಲಿಸಿ ಓಡಲು ಬಿಡಿ, ಕೆಂಪು ದೀಪ ಬರುವ ಮೊದಲು ಫ್ಯಾನ್ ಸದ್ದು ಬರಬೇಕು. ಬರದಿದ್ದರೆ ಆರಿಸಿ, ಫ್ಯೂಸ್ ನೋಡಿ, ಅದೇ ನಂಬರಿನ ಬೇರೆ ರಿಲೇ ಗಾಡಿಯಲ್ಲಿ ಇದ್ದರೆ ಅದಲು ಬದಲು ಮಾಡಿ, ಕಪ್ಲರ್ ಬಿಚ್ಚಿ ಪಿನ್ ನೋಡಿ, ಫ್ಯಾನಿಗೆ ನೇರ 12 ವೋಲ್ಟ್ ಕೊಟ್ಟು ನೋಡಿ. ತೆಗೆದ ಪ್ರತಿ ಪಾರ್ಟನ್ನೂ ಕೈಗೆ ಕೇಳಿ. ಖಾಲಿ ಬಾಟಲಿ ಕೇಳಿ. ಕೊಡುವುದಿಲ್ಲ ಅಂದರೆ ದುಡ್ಡು ಕೊಡಬೇಡಿ.

ನನಗೆ ಎರಡನೇ ಸಲ ಥರ್ಮೋಸ್ಟಾಟ್, ಒ-ರಿಂಗ್, ಕಪ್ಲರ್, ಕೂಲೆಂಟ್, ಆಯಿಲ್, ಮಜೂರಿ ಸೇರಿ ₹3,150 ಆಯಿತು. ಕ್ಲಚ್ ಪ್ಲೇಟ್ ಹೊಸ ಆಯಿಲಿನಲ್ಲಿ ಹಿಡಿಯುತ್ತಿದೆ, ಉಳಿಯುತ್ತೋ ಬದಲಿಸಬೇಕೋ ಇನ್ನು 500 ಕಿಲೋಮೀಟರ್ ಓಡಿದ ಮೇಲೆ ನೋಡೋಣ ಅಂದಿದ್ದಾರೆ. ನನ್ನ ಹಳೆ ಥರ್ಮೋಸ್ಟಾಟ್ ವಾಪಸ್ ಕೊಡಿ ಅಂತ ಮೊದಲಿನ ಗ್ಯಾರೇಜಿಗೆ ಎರಡು ಸಲ ಹೋಗಿದ್ದೆ. ಮೊದಲ ಸಲ "ಹುಡುಗ ರಜಾ ಹೋಗ್ಯಾನ, ಅವನಿಗೇ ಗೊತ್ತು ಎಲ್ಲಿಟ್ಟಾನಂತ." ಎರಡನೇ ಸಲ "ಗುಜರಿಗೆ ಹೋಗಿರ್ಬೇಕು ನೋಡ್ರಿ."