ಪೆನ್‌ಡ್ರೈವ್ ತಡೆಯಲು ಏನು ಒಳ್ಳೆಯದು? ನನ್ನ ಓಟು ಗ್ರೂಪ್ ಪಾಲಿಸಿಗೆ

ನಮ್ಮದು ಪೀಣ್ಯದ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಮಷಿನ್) ವರ್ಕ್‌ಶಾಪ್. ಗ್ರಾಹಕರು ನಂಬಿ ಕೊಟ್ಟ ಡ್ರಾಯಿಂಗ್‌ಗಳೇ ನಮ್ಮ ಆಸ್ತಿ. ಒಬ್ಬರು ಕೆಲಸ ಬಿಟ್ಟು ಹೋಗುವಾಗ ಒಂದಿಷ್ಟು ಫೈಲುಗಳೂ ಅವರ ಜೊತೆ ಹೋದವು. ಆಮೇಲೆ ಒಂದೊಂದೇ ದಾರಿ ಬಳಸಿ ನೋಡಿದೆವು. ಕೊನೆಗೆ ಉಳಿಸಿಕೊಂಡಿದ್ದು ವಿಂಡೋಸ್ ಪ್ರೊದಲ್ಲೇ ಇರುವ ಗ್ರೂಪ್ ಪಾಲಿಸಿ, ಅಂದರೆ ಕಂಪ್ಯೂಟರಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ನಿಗದಿ ಮಾಡುವ ಸೆಟ್ಟಿಂಗ್. ಬೇರೆ ಖರ್ಚಿಲ್ಲ.

ಪೋರ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬೀಗ ಅಗ್ಗ. ಆದರೆ ಮೌಸ್ ಕಿತ್ತರೆ ಒಂದು ಪೋರ್ಟ್ ಖಾಲಿಯಾಗುತ್ತದೆ, ಅಲ್ವಾ?

ಜಾಸ್ತಿ ಕಾಡಿದ್ದು ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ದಾರಿ. ಅದರಲ್ಲಿ ಪೆನ್‌ಡ್ರೈವ್ ನಡೆಸುವ ಯುಎಸ್‌ಬಿಸ್ಟೋರ್ ಅನ್ನುವಲ್ಲಿ 'ಸ್ಟಾರ್ಟ್' ಸಂಖ್ಯೆ 3 ಇರುತ್ತದೆ, ಅದನ್ನು 4 ಮಾಡಿದರೆ ಪೆನ್‌ಡ್ರೈವ್ ಕಾಣುವುದೇ ಇಲ್ಲ. ಕೆಲಸ ಮುಗೀತು ಅನಿಸುತ್ತದೆ. ಅಷ್ಟರಲ್ಲಿ ಡಿಸೈನ್ ಹುಡುಗನೇ ಬಂದು, "ಸಾರ್, ಫೋನ್ ಹಾಕಿದ್ರೆ ಫೈಲ್ ಹೋಗ್ತಾ ಇದೆ ನೋಡಿ" ಅಂದ. ಅವನು ಹೇಳಿದ್ದು ನಿಜ. ಚಾರ್ಜಿಗೆ ಸಿಕ್ಕಿಸಿದ ಫೋನಿನಲ್ಲಿ 'ಫೈಲ್ ಟ್ರಾನ್ಸ್‌ಫರ್' ಒತ್ತಿದರೆ ಸಾಕು, ಇಡೀ ಫೋಲ್ಡರ್ ಅದರೊಳಗೆ ಹೋಗುತ್ತದೆ.

ಆಂಡ್ರಾಯ್ಡ್ ಫೋನ್ ಪೆನ್‌ಡ್ರೈವಿನ ಹಾಗೆ ಡಿಸ್ಕ್ ಆಗಿ ಬರುವುದಿಲ್ಲ. ಎಂಟಿಪಿ ಅನ್ನುವ ಬೇರೆ ವಿಧಾನದಲ್ಲಿ ಮಾತಾಡುತ್ತದೆ, ಯುಎಸ್‌ಬಿಸ್ಟೋರ್ ಅದನ್ನು ಮುಟ್ಟುವುದೇ ಇಲ್ಲ. ಪೆನ್‌ಡ್ರೈವ್ ಎಲ್ಲರ ಜೇಬಿನಲ್ಲಿ ಇರಲ್ಲ, ಫೋನ್ ಇದ್ದೇ ಇರುತ್ತದೆ!

ಗ್ರೂಪ್ ಪಾಲಿಸಿಯ 'ರಿಮೂವಬಲ್ ಸ್ಟೋರೇಜ್ ಆಕ್ಸೆಸ್' ಒಳಗೆ ಎರಡಕ್ಕೂ ಬೇರೆ ಬೇರೆ ಸಾಲು ಇದೆ. 'ರಿಮೂವಬಲ್ ಡಿಸ್ಕ್' ಪೆನ್‌ಡ್ರೈವಿಗೆ, 'ಡಬ್ಲ್ಯೂಪಿಡಿ' ಫೋನಿಗೆ. ಎರಡರಲ್ಲೂ ಬರೆಯುವುದನ್ನು ಮಾತ್ರ ತಡೆದೆವು. ಗ್ರಾಹಕರು ತರುವ ಡ್ರಾಯಿಂಗ್ ಈಗಲೂ ತೆರೆಯುತ್ತದೆ. ಸಿಬ್ಬಂದಿಗೆ ಅಡ್ಮಿನ್ ಲಾಗಿನ್ ಮಾತ್ರ ಕೊಡಬೇಡಿ. ಕೊಟ್ಟರೆ ಅವರೇ ಈ ತಡೆಯನ್ನೆಲ್ಲ ತೆಗೆದುಹಾಕಬಹುದು. ವಿಂಡೋಸ್ ಹೋಮ್‌ನಲ್ಲಿ ಈ ಪಾಲಿಸಿ ಎಡಿಟರ್ ಬರುವುದಿಲ್ಲ.

ಬಿಟ್‌ಲಾಕರ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ ವಿಂಡೋಸ್ ಬೀಗ) ಹಾಕಿದ ಪೆನ್‌ಡ್ರೈವ್ ಆಫೀಸಿಗೆ ಒಳ್ಳೆಯದು, ಆದರೆ ನಮ್ಮ ಮಷಿನ್ ಕಂಟ್ರೋಲರ್ ಅದನ್ನು ಓದುವುದಿಲ್ಲ. ಹಾಗಾಗಿ ಮಷಿನ್ ಪ್ರೋಗ್ರಾಂ ಕಾಪಿ ಮಾಡಲು ಈ ತಡೆ ಇಲ್ಲದ ಒಂದೇ ಕಂಪ್ಯೂಟರ್, ಕಂಪನಿಯದೇ ಪೆನ್‌ಡ್ರೈವ್, ಪಕ್ಕದಲ್ಲಿ ಸಹಿ ಮಾಡುವ ರಿಜಿಸ್ಟರ್.

ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಯಾರು ಏನು ಕಾಪಿ ಮಾಡಿದರು ಅಂತಲೂ ತೋರಿಸುತ್ತದೆ. ಆದರೆ ಒಂದೊಂದು ಕಂಪ್ಯೂಟರಿಗೂ ವರ್ಷ ವರ್ಷ ದುಡ್ಡು. ಟ್ರಯಲ್‌ನಲ್ಲಿ ನಮ್ಮ ಕ್ಯಾಡ್ ಡಾಂಗಲನ್ನೇ (ಡ್ರಾಯಿಂಗ್ ಸಾಫ್ಟ್‌ವೇರ್ ತೆರೆಯಲು ಸಿಕ್ಕಿಸುವ ಯುಎಸ್‌ಬಿ ಕೀ) ತಡೆದುಬಿಟ್ಟಿತ್ತು.

ಇದರ ಜೊತೆ ಒಂದು ಪುಟದ ನಿಯಮಕ್ಕೆ ಎಲ್ಲರ ಸಹಿ ಪಡೆದಿದ್ದೇವೆ. ಅನುಮತಿ ಇಲ್ಲದೆ ಡೇಟಾ ಕಾಪಿ ಮಾಡುವುದು ಐಟಿ ಕಾಯ್ದೆ 2000ರ ಸೆಕ್ಷನ್ 43ಕ್ಕೆ ಬರುತ್ತದೆ. ಮೋಸದ ಉದ್ದೇಶ ಇದ್ದರೆ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು. ಸುಮ್ನೆ ಹೆದರಿಸಲು ಅಲ್ಲ, ಇದು ಮೊದಲೇ ಎಲ್ಲರಿಗೂ ತಿಳಿದಿರಬೇಕು.

ಇಮೇಲ್, ವಾಟ್ಸಾಪ್ ವೆಬ್ ದಾರಿ ಇದರಿಂದ ಮುಚ್ಚುವುದಿಲ್ಲ. ಅದೂ ಬೇಕು, ಕಂಪ್ಯೂಟರೂ ನೂರಾರು ಇವೆ ಅಂದರೆ ಆ ಸಾಫ್ಟ್‌ವೇರನ್ನೇ ಕೊಳ್ಳಿ. ನಮ್ಮಷ್ಟು ಚಿಕ್ಕ ಆಫೀಸಿಗೆ ಆ ಖರ್ಚು ಬೇಡ.