ಮೈಸೂರಿನ ಫ್ಲ್ಯಾಟೋ, ಮಂಡ್ಯದ ಎರಡಂತಸ್ತಿನ ಮನೆಯೋ?

ಬಾಡಿಗೆ ಆದಾಯಕ್ಕೆಂದು ಮೊದಲ ಬಾರಿ ಆಸ್ತಿ ಕೊಳ್ಳುವವರು ಮೈಸೂರಿನ ಬೆಲೆ ಕೇಳಿದೊಡನೆ ಮಂಡ್ಯದತ್ತ ನೋಡುವುದು ಸಹಜ. ಮೈಸೂರಿನಲ್ಲಿ 60 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ತಿಂಗಳಿಗೆ 18,000 ಬಾಡಿಗೆ ಬರುತ್ತದೆಂದು ಭಾವಿಸಿದರೆ ವರ್ಷದ ಒಟ್ಟು ಗಳಿಕೆ ಶೇ 3.6 ಮಾತ್ರ. ಅದರಲ್ಲಿ 45 ಲಕ್ಷ ಸಾಲವಾಗಿದ್ದು ಬಡ್ಡಿ ಶೇ 8.5 ಇದ್ದರೆ, ಮೊದಲ ವರ್ಷದ ಬಡ್ಡಿಯೇ ಸುಮಾರು 3.8 ಲಕ್ಷವಾಗುವುದರಿಂದ, 2.16 ಲಕ್ಷದ ಬಾಡಿಗೆ ಅದಕ್ಕೆ ಸಾಲದೆ ಉಳಿದದ್ದನ್ನು ಸಂಬಳದಿಂದಲೇ ಭರಿಸಬೇಕಾಗುತ್ತದೆ. ನಿರ್ವಹಣಾ ಶುಲ್ಕ ಇನ್ನೂ ಬೇರೆ. ಆದರೂ ಹೆಬ್ಬಾಳದ ಇನ್ಫೋಸಿಸ್ ಆವರಣದ ಆಸುಪಾಸಿನಲ್ಲಿ ಉದ್ಯೋಗಸ್ಥ ಬಾಡಿಗೆದಾರರು ಸಿಗುತ್ತಾರೆ, ದುರಸ್ತಿಯ ಓಡಾಟವೂ ಕಡಿಮೆ.

ಮಂಡ್ಯದಲ್ಲಿ 30×40 ನಿವೇಶನದಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿದರೆ, ಒಂದು ಖಾಲಿಯಾದರೂ ಇನ್ನೊಂದರ ಬಾಡಿಗೆ ನಿಲ್ಲುವುದಿಲ್ಲ. ನೆಲವೂ ಪೂರ್ತಿ ನಿಮ್ಮದೇ. ವೈದ್ಯಕೀಯ ಕಾಲೇಜು ಮಿಮ್ಸ್ ಮತ್ತು ಪಿಇಎಸ್ ಕಾಲೇಜಿನ ಸುತ್ತ ಬೇಡಿಕೆಯಿದೆ, ಆದರೆ ಬಾಡಿಗೆ ಮೈಸೂರಿನ ಮಟ್ಟಕ್ಕೇರದು. ಕಟ್ಟಡದ ಮೇಲುಸ್ತುವಾರಿ, ನೀರು, ಒಳಚರಂಡಿ ಎಲ್ಲವೂ ನಿಮ್ಮ ಹೆಗಲಿಗೇ ಬೀಳುತ್ತವೆ.

ಮನೆಯನ್ನು ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆಯ ಬದಲು ಒಂದೇ ಇಡುಗಂಟು ಪಡೆದು, ಕೊಟ್ಟು ಆ ಹಣದಿಂದ ಸಾಲ ತೀರಿಸುವ ಯೋಚನೆ ಎರಡೂ ಊರಿನಲ್ಲಿ ಕೇಳಿಬರುತ್ತದೆ. ಅವಧಿ ಮುಗಿದ ದಿನ ಅಷ್ಟೂ ಹಣ ಮರಳಿಸಬೇಕೆಂಬುದನ್ನು ಮರೆಯಬಾರದು. ತೆರಿಗೆಯಲ್ಲಿ ವ್ಯತ್ಯಾಸವಿಲ್ಲ: ಆಸ್ತಿ ತೆರಿಗೆ ಕಳೆದ ಬಾಡಿಗೆಯ ಮೇಲೆ ಶೇ 30ರ ವಿನಾಯಿತಿ ಎರಡಕ್ಕೂ ಸಿಗುತ್ತದೆ. ಇ-ಖಾತೆ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಮತ್ತು ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಾಯಿತ ಸಾಲ, ವ್ಯವಹಾರಗಳನ್ನು ತೋರಿಸುವ ಪತ್ರ) ನೋಡದೆ ಎಲ್ಲಿಯೂ ಮುಂಗಡ ಕೊಡಬೇಡಿ. ಸಂಬಳ ಸ್ಥಿರವಾಗಿದ್ದು ಬಿಡುವಿಲ್ಲದವರಿಗೆ ಫ್ಲ್ಯಾಟ್ ಸರಿ. ಮಂಡ್ಯದಲ್ಲೇ ನೆಲೆಸಿದ್ದು ಸಾಲ ಕಡಿಮೆ ಬೇಕಾದವರಿಗೆ ನಾನು ಮನೆಯನ್ನೇ ಸೂಚಿಸುತ್ತೇನೆ.