ಎನ್‌ಸಿಆರ್‌ಬಿ ಕೋಷ್ಟಕಗಳು: ಪ್ರಬಂಧ ಬರೆಯುವವರಿಗಾಗಿ ಒಂದು ವಿಮರ್ಶೆ

ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡುವವರ ಪ್ರಬಂಧ ತಿದ್ದುವುದು ನನ್ನ ಕೆಲಸ. ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಮೇಡಂ, ಡೇಟಾ ಎಲ್ಲಿ ಸಿಗುತ್ತೆ?’ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ ಹೊರತರುವ ‘ಕ್ರೈಂ ಇನ್ ಇಂಡಿಯಾ’ದಿಂದ ಶುರು ಮಾಡಿ ಅಂತೀನಿ. 1953ರಿಂದಲೂ ಇರುವ ವರದಿ ಇದು. ದುಡ್ಡು ಕೊಡಬೇಕಿಲ್ಲ, ಯಾರ ಶಿಫಾರಸೂ ಬೇಡ. ಅವರ ವೆಬ್‌ಸೈಟ್‌ಗೆ ಹೋಗಿ ಇಳಿಸಿಕೊಂಡರೆ ಆಯಿತು.

ಆದರೆ ಇದರಲ್ಲಿ ಇರುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳ ಲೆಕ್ಕ. ಊರಲ್ಲಿ ನಡೆದ ಅಪರಾಧಗಳ ಲೆಕ್ಕ ಅಲ್ಲ. ಸೈಬರ್ ಅಪರಾಧದ 9ಎ.1 ಕೋಷ್ಟಕ ತೆಗೆದು ನೋಡಿ. ಕರ್ನಾಟಕದ ಸಾಲಿನಲ್ಲಿ 2020ಕ್ಕೆ 10,741, 2021ಕ್ಕೆ 8,136, 2022ಕ್ಕೆ 12,556. 2021ರಲ್ಲಿ ವಂಚಕರು ಸುಮ್ನೆ ಕೂತಿದ್ದರಾ? ಮಹಾನಗರಗಳ ಕೋಷ್ಟಕಕ್ಕೆ ಬನ್ನಿ. 2022ರ ಆ 12,556ರಲ್ಲಿ 9,940 ಬೆಂಗಳೂರು ಒಂದರದ್ದೇ. ಉಳಿದ ಜಿಲ್ಲೆಗಳ ಜನರಿಗೆ ಮೋಸದ ಕರೆ ಬರುವುದೇ ಕಡಿಮೆ ಅಂತ ಇದರಿಂದ ಹೇಳಲಾಗದು. ದೂರು ಕೊಡುವುದು ಎಲ್ಲಿ ಸುಲಭವೋ ಅಲ್ಲಿ ಸಂಖ್ಯೆ ಏರುತ್ತದೆ. ‘ಯಾವ ರಾಜ್ಯ ನಂಬರ್ ಒನ್’ ಅಂತ ಪಟ್ಟಿ ಮಾಡುವವರನ್ನು ಕಂಡರೆ ನನಗೆ ಬೇಜಾರಾಗುವುದು ಇದಕ್ಕೇ. ಪ್ರಾಮಾಣಿಕವಾಗಿ ಎಫ್‌ಐಆರ್ ಹಾಕಿದ ಠಾಣೆಗೇ ಕೆಟ್ಟ ಹೆಸರು ಬರುತ್ತದೆ, ಅಲ್ವಾ?

ಎಣಿಕೆಯ ಇನ್ನೊಂದು ನಿಯಮವನ್ನೂ ಗಮನದಲ್ಲಿಡಿ. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ಇದೆ, ಕಳವೂ ಇದೆ ಅಂದರೆ ಲೆಕ್ಕಕ್ಕೆ ಬರುವುದು ಕೊಲೆ ಮಾತ್ರ. ಹೆಚ್ಚು ಶಿಕ್ಷೆಯ ಅಪರಾಧ ಚಿಕ್ಕದನ್ನು ನುಂಗುತ್ತದೆ. ಹೀಗಂತ ವರದಿಯಲ್ಲೇ ಬರೆದಿದ್ದಾರೆ. ಓದುವವರು ಕಡಿಮೆ.

ನನಗೆ ತುಂಬಾ ಇಷ್ಟವಾದದ್ದು ಜಿಲ್ಲಾವಾರು ಕೋಷ್ಟಕಗಳು. ಮುಖ್ಯ ಸಂಪುಟದಲ್ಲಿ ಹುಡುಕಬೇಡಿ, ಅವು ಬೇರೆ ಕಡತಗಳಾಗಿ ಇರುತ್ತವೆ. ಅಲ್ಲಿನ ಜಿಲ್ಲೆ ಅಂದರೆ ಪೊಲೀಸ್ ಜಿಲ್ಲೆ, ನಮಗೆ ಗೊತ್ತಿರುವ ಕಂದಾಯ ಜಿಲ್ಲೆ ಅಲ್ಲ. ಕೆ.ಜಿ.ಎಫ್. ಬೇರೆ ಸಾಲು, ಕೋಲಾರ ಬೇರೆ ಸಾಲು. ಹುಬ್ಬಳ್ಳಿ-ಧಾರವಾಡ ನಗರ ಒಂದು, ಧಾರವಾಡ ಜಿಲ್ಲೆ ಇನ್ನೊಂದು. 2011ರ ಜನಗಣತಿಯ ಜೊತೆ ಇಟ್ಟು ಲಕ್ಷಕ್ಕೆ ಎಷ್ಟು ಅಂತ ದರ ತೆಗೆಯುವವರು ಮೊದಲು ಇವನ್ನು ಕೂಡಿಸಲೇಬೇಕು. ಕೂಡಿಸದೆ ತಂದ ಕೋಲಾರದ ದರವನ್ನು ನಾನು ನೋಡುವುದೂ ಇಲ್ಲ.

ಜೈಲಿನ ವಿಷಯವಾದರೆ ಇದೇ ಬ್ಯೂರೊದ ‘ಪ್ರಿಸನ್ ಸ್ಟ್ಯಾಟಿಸ್ಟಿಕ್ಸ್ ಇಂಡಿಯಾ’ ಸಾಕು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಈ ಒಂದು ಸಾಲಿನ ಮೇಲೇ ಇಡೀ ಪ್ರಬಂಧ ಬರೆಯಬಹುದು.

ಕೇಸು ಕೋರ್ಟಿಗೆ ಹೋದ ಮೇಲೆ ಏನಾಯಿತು ಅಂತ ತಿಳಿಯಲು ನ್ಯಾಷನಲ್ ಜುಡಿಷಿಯಲ್ ಡೇಟಾ ಗ್ರಿಡ್ ಅನ್ನುವ, ಕೋರ್ಟುಗಳ ಕೇಸಿನ ಲೆಕ್ಕ ತೋರಿಸುವ ವೆಬ್‌ಸೈಟ್ ಇದೆ. ರಾಜ್ಯ, ಜಿಲ್ಲೆ, ಕೋರ್ಟು ಅಂತ ಒಂದೊಂದೇ ಒತ್ತುತ್ತಾ ಹೋದರೆ ಹತ್ತು ವರ್ಷ ದಾಟಿದ ಕ್ರಿಮಿನಲ್ ಕೇಸುಗಳವರೆಗೂ ಇಳಿಯಬಹುದು. ತಡವಾಗಿದ್ದಕ್ಕೆ ಕಾರಣವನ್ನೂ ತೋರಿಸುತ್ತದೆ: ವಕೀಲರು ಬಂದಿಲ್ಲ, ಆರೋಪಿ ತಲೆಮರೆಸಿಕೊಂಡಿದ್ದಾನೆ, ಹೀಗೆ. ಅಂಕಿ ಬದಲಾಗುತ್ತಲೇ ಇರುವುದರಿಂದ ನೋಡಿದ ದಿನಾಂಕ ಬರೆದಿಡಿ. ಎನ್‌ಸಿಆರ್‌ಬಿಯ ‘ವಿಚಾರಣೆಗೆ ಬಾಕಿ’ ಸಂಖ್ಯೆಗೂ ಇದಕ್ಕೂ ಹೋಲಿಸಲು ಹೋಗಬೇಡಿ. ಎಣಿಸುವ ರೀತಿಯೇ ಬೇರೆ.

‘ಕ್ರೈಂ ಇನ್ ಇಂಡಿಯಾ’ದ ದೊಡ್ಡ ಕೊರತೆ ಅಂದರೆ ತಡ. 2022ರ ವರದಿ ಬಂದದ್ದು 2023ರ ಡಿಸೆಂಬರ್‌ನಲ್ಲಿ. 2023ರದ್ದು ಬರುವಷ್ಟರಲ್ಲಿ 2025ರ ಸೆಪ್ಟೆಂಬರ್ ಆಗಿತ್ತು. ಸಾರ್ವಜನಿಕ ಹಣದಲ್ಲಿ ಕೂಡಿಸಿದ ಅಂಕಿಗೆ ಇಷ್ಟು ಕಾಯಿಸಬಾರದು.

ಈಗ ಸೇರುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಕೊಲೆಯ ಕಲಂ 302 ಹೋಗಿ 103 ಆಗಿದೆ, ವಂಚನೆಯ 420 ಹೋಗಿ 318 ಆಗಿದೆ. ವರ್ಷವಿಡೀ ಐಪಿಸಿ ಇದ್ದ ಕೊನೆಯ ವರದಿ 2023ರದ್ದು. ಹಲವು ವರ್ಷಗಳನ್ನು ಹೋಲಿಸುವ ವಿಷಯ ಹಿಡಿದಿದ್ದರೆ ಅಲ್ಲಿಗೇ ನಿಲ್ಲಿಸಿ. ಅದರಾಚೆ ಹೋಗುವುದಾದರೆ ಹಳೇ ಕಲಂ, ಹೊಸ ಕಲಂ ಎದುರುಬದುರು ಇಟ್ಟ ಪಟ್ಟಿಯನ್ನು ಮೊದಲು ಮಾಡಿಕೊಂಡು ಬನ್ನಿ.